ಓದುಗರ ಪ್ರಶ್ನೆ, ನಮ್ಮ ಉತ್ತರ: ಹಳೆಯ ರೇಜರ್, ನೊರೆ ಮತ್ತು ಪರಿಮಳದ ಸಾಬೂನು

ಬ್ರಷ್ಷು, ಸಾಬೂನು ಮತ್ತು ಹಳೆಯ ಲೋಹದ ರೇಜರುಗಳಿಂದ ಮುಖಕ್ಷೌರ ಮಾಡಿಕೊಳ್ಳುವ ಕ್ರಮದ ಬಗ್ಗೆ ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಲಾಗಿದೆ. ಹಲವರು ಒಂದೇ ಸಂಗತಿಯನ್ನು ಕೇಳಿದ್ದಲ್ಲಿ ಅವರ ಪ್ರಶ್ನೆಗಳನ್ನು ಕೂಡಿಸಿಕೊಂಡಿದ್ದೇವೆ.

ಪ್ರಶ್ನೆ: ತಾತನವರ ಪೆಟ್ಟಿಗೆಯಲ್ಲಿ ಜಿಲೆಟ್ ಎಂದು ಕೆತ್ತಿರುವ ಒಂದು ರೇಜರ್ ಸಿಕ್ಕಿದೆ. ಹಿಡಿಯ ತುದಿಯ ಗುಂಡಿಯನ್ನು ತಿರುಗಿಸಿದರೆ ಅದರ ತಲೆಯ ಎರಡು ಬಾಗಿಲುಗಳು ತೆರೆದುಕೊಳ್ಳುತ್ತವೆ. ತಲೆಯ ಕೆಳಭಾಗದಲ್ಲಿ ‘ಎಫ್’ ಎಂಬ ಇಂಗ್ಲಿಷ್ ಅಕ್ಷರವೂ 4 ಎಂಬ ಅಂಕಿಯೂ ಇವೆ. ಇದು ಯಾವ ಕಾಲದ್ದು? ಈಗ ಇದನ್ನು ಬಳಸಬಹುದೇ?

ಉತ್ತರ: ಧಾರಾಳವಾಗಿ ಬಳಸಬಹುದು. ಅಮೆರಿಕದಲ್ಲಿ ತಯಾರಾದ ಜಿಲೆಟ್ ರೇಜರುಗಳ ಮೇಲೆ 1950ರ ದಶಕದ ಆರಂಭದಿಂದ ಇಂಥ ಗುರುತನ್ನು ಒತ್ತುತ್ತಿದ್ದರು. ಅದರಲ್ಲಿ ಅಕ್ಷರವು ವರ್ಷವನ್ನೂ ಅಂಕಿಯು ಆ ವರ್ಷದ ತ್ರೈಮಾಸಿಕವನ್ನೂ ಸೂಚಿಸುತ್ತದೆ. ‘ಎ’ ಎಂದರೆ 1955. ಅಲ್ಲಿಂದ ವರ್ಷಕ್ಕೊಂದು ಅಕ್ಷರದಂತೆ ಎಣಿಸಿದರೆ ‘ಎಫ್’ 1960 ಆಗುತ್ತದೆ, 4 ಎಂದರೆ ಆ ವರ್ಷದ ಕೊನೆಯ ಮೂರು ತಿಂಗಳು. ಹಿಡಿಯ ಮೇಲ್ಭಾಗದಲ್ಲಿ 1ರಿಂದ 9ರವರೆಗೆ ಅಂಕಿಗಳಿರುವ, ಬಳೆಯಂತೆ ತಿರುಗುವ ಭಾಗವೊಂದು ಇದ್ದರೆ ಅದು 1958ರಲ್ಲಿ ಮಾರುಕಟ್ಟೆಗೆ ಬಂದ, ಸಂಗ್ರಾಹಕರು ‘ಫ್ಯಾಟ್‌ಬಾಯ್’ ಎಂದು ಕರೆಯುವ ಮಾದರಿ. ಅಂಕಿಗಳಿಲ್ಲದಿದ್ದರೆ 1947ರಿಂದ ತಯಾರಾಗುತ್ತಿದ್ದ ‘ಸೂಪರ್ ಸ್ಪೀಡ್’ ಆಗಿರುವ ಸಾಧ್ಯತೆಯೇ ಹೆಚ್ಚು. ಅಂಕಿಗಳ ಬಳೆ ಇದ್ದಲ್ಲಿ, ತುದಿಯ ಗುಂಡಿಯನ್ನು ಸ್ವಲ್ಪ ಸಡಿಲಿಸಿಕೊಂಡೇ ಬಳೆಯನ್ನು ತಿರುಗಿಸಿ, ಆಮೇಲೆ ಬಿಗಿಮಾಡಿ. ಮೊದಮೊದಲು 3ಕ್ಕಿಂತ ಮೇಲಿನ ಅಂಕಿಗೆ ಹೋಗಬೇಡಿ.

ಇಷ್ಟು ಹಳೆಯ ರೇಜರಿಗೆ ಈಗಿನ ಬ್ಲೇಡು ಹೊಂದುವುದೇ ಎಂಬ ಸಂದೇಹ ಬೇಡ. ಕಿಂಗ್ ಕ್ಯಾಂಪ್ ಜಿಲೆಟ್ 1901ರಲ್ಲಿ ಕಂಪನಿಯನ್ನು ಕಟ್ಟಿದಾಗ, ಕಾಗದದಷ್ಟು ತೆಳುವಾದ ಉಕ್ಕಿನ ಹಾಳೆಯನ್ನು ಬಾಗದಂತೆ ಹದಗೊಳಿಸಿ ಹರಿತಗೊಳಿಸುವುದು ಯಾರಿಗೂ ತಿಳಿದಿರಲಿಲ್ಲ. ಆ ವಿಧಾನವನ್ನು ಕಂಡುಹಿಡಿದವರು ವಿಲಿಯಂ ನಿಕರ್ಸನ್ ಎಂಬ ಎಂಜಿನಿಯರ್, ಮತ್ತು ಅವರ ಹೆಸರು ಇಂದು ಇಷ್ಟು ಕಡಿಮೆ ಕೇಳಿಬರುವುದು ನ್ಯಾಯವಲ್ಲ ಎಂದು ನನಗೆ ಅನಿಸುತ್ತದೆ. 1903ರಲ್ಲಿ ಮಾರಾಟವಾದದ್ದು ಕೇವಲ 51 ರೇಜರುಗಳು ಮತ್ತು 168 ಬ್ಲೇಡುಗಳು; ಮರುವರ್ಷ ರೇಜರುಗಳ ಮಾರಾಟ 90,000ವನ್ನು ದಾಟಿತು. ಅಂದಿನಿಂದ ಬ್ಲೇಡಿನ ನಡುವಿನ ರಂಧ್ರಗಳ ಆಕಾರ ಬದಲಾಗಿದ್ದರೂ, ಇಂದಿನ ಎರಡಂಚಿನ ಬ್ಲೇಡು ಆ ಮೊದಲ ಕಾಲದ ರೇಜರಿನಲ್ಲಿಯೂ ಕೂರುತ್ತದೆ. ಆದರೆ ಅದಕ್ಕೂ ಹಿಂದಿನ, 1880ರ ದಶಕದಲ್ಲಿ ಬಂದ, ಬೆಣೆಯಾಕಾರದ ದಪ್ಪ ಅಲಗನ್ನು ಬಳಸುತ್ತಿದ್ದ ಒಂದಂಚಿನ ಸುರಕ್ಷಾ ರೇಜರುಗಳಿಗೆ ಈ ಮಾತು ಅನ್ವಯಿಸುವುದಿಲ್ಲ.

ಈಗ ಶುಚಿ ಮಾಡುವ ವಿಚಾರ. ಈ ರೇಜರುಗಳು ಹೆಚ್ಚಾಗಿ ಹಿತ್ತಾಳೆಯವು. ಮೇಲೆ ನಿಕ್ಕಲ್ ಅಥವಾ ಚಿನ್ನದ ತೆಳುವಾದ ಲೇಪವಿರುತ್ತದೆ. ಒಳಗೆ ಬ್ಲೇಡೇನಾದರೂ ಉಳಿದಿದ್ದರೆ ಅದನ್ನು ಎಚ್ಚರಿಕೆಯಿಂದ ತೆಗೆದುಬಿಡಿ, ಅದನ್ನು ಮತ್ತೆ ಬಳಸಬಾರದು. ಬಿಸಿನೀರಿಗೆ ಪಾತ್ರೆ ತೊಳೆಯುವ ದ್ರಾವಣದ ಕೆಲವು ಹನಿಗಳನ್ನು ಬೆರೆಸಿ, ರೇಜರನ್ನು ಸ್ವಲ್ಪ ಹೊತ್ತು ನೆನೆಯಲು ಬಿಟ್ಟು, ಮೃದುವಾದ ಹಲ್ಲುಜ್ಜುವ ಬ್ರಷ್ಷಿನಿಂದ ಸಂದುಗೊಂದುಗಳನ್ನು ಉಜ್ಜಿದರೆ ದಶಕಗಳ ಸಾಬೂನಿನ ಜಿಡ್ಡು ಬಹುಪಾಲು ಬಿಟ್ಟುಕೊಳ್ಳುತ್ತದೆ. ನಿಂಬೆರಸ, ವಿನೆಗರ್ ಮುಂತಾದ ಹುಳಿಯಲ್ಲಿ ಹೆಚ್ಚು ಹೊತ್ತು ಮುಳುಗಿಸಿಡಬೇಡಿ. ಚಿನ್ನದ ಲೇಪಕ್ಕೆ ಹೊಳಪು ಕೊಡುವ ಪುಡಿಯನ್ನು ಹಾಕಿದರೆ ಲೇಪವೇ ಸವೆದು ಹೋಗುತ್ತದೆ. ಒಣಗಿದ ಮೇಲೆ ಶೇಕಡಾ 70ರ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒಳಗೂ ಹೊರಗೂ ಒರೆಸಿ, ತಿರುಗುವ ಗುಂಡಿಯ ಬಳಿ ಖನಿಜ ಎಣ್ಣೆಯ ಒಂದು ಹನಿ ಬಿಡಿ.

ಮೊದಲ ಕ್ಷೌರಕ್ಕೆ ಮುನ್ನ ಹೊಸ ಬ್ಲೇಡನ್ನು ಹಾಕಿ ತಲೆಯನ್ನು ಬೆಳಕಿಗೆ ಹಿಡಿದು ನೋಡಿ. ಎರಡೂ ಬದಿಯಲ್ಲಿ ಬ್ಲೇಡಿನ ಅಂಚು ಒಂದೇ ಪ್ರಮಾಣದಲ್ಲಿ, ಉದ್ದಕ್ಕೂ ಸಮಾನಾಂತರವಾಗಿ ಕಾಣಬೇಕು. ಒಂದು ಬದಿ ಹೆಚ್ಚು ಹೊರಚಾಚಿದ್ದರೆ ಅಥವಾ ಬಾಗಿಲುಗಳು ಪೂರ್ತಿ ಮುಚ್ಚಿಕೊಳ್ಳದಿದ್ದರೆ, ಆ ರೇಜರ್ ಎಂದೋ ಕೆಳಗೆ ಬಿದ್ದು ಬಾಗಿದೆ ಎಂದು ತಿಳಿಯಬೇಕು. ಅಂಥದ್ದನ್ನು ಮುಖಕ್ಕೆ ತಾಗಿಸಬೇಡಿ, ನೆನಪಿಗಾಗಿ ಇಟ್ಟುಕೊಳ್ಳಿ.

ಪ್ರಶ್ನೆ: ಅಲಗುಗಳಿರುವ ತಲೆಯನ್ನೇ ಬದಲಿಸುವ ಕಾರ್ಟ್ರಿಡ್ಜ್ ರೇಜರನ್ನು ಬಿಟ್ಟು ಎರಡಂಚಿನ ಬ್ಲೇಡಿನ ಹಳೆಯ ರೇಜರಿಗೆ ಬಂದು ಕೆಲವು ವಾರಗಳಾಗಿವೆ. ಕೆನ್ನೆ ಚೆನ್ನಾಗಿ ಬರುತ್ತದೆ, ಆದರೆ ಕುತ್ತಿಗೆಯಲ್ಲಿ ಪ್ರತಿಬಾರಿಯೂ ಗೀರುಗಳು, ಉರಿ, ಕೆಂಪು. ಬ್ಲೇಡನ್ನು ಬದಲಿಸಿದರೂ ಪ್ರಯೋಜನವಾಗಲಿಲ್ಲ.

ಉತ್ತರ: ದೋಷ ಬ್ಲೇಡಿನದ್ದಲ್ಲ, ಬಹುಮಟ್ಟಿಗೆ ಒತ್ತಡದ್ದು. ಕಾರ್ಟ್ರಿಡ್ಜಿನ ತಲೆ ಮುಖದ ಏರುತಗ್ಗಿಗೆ ತಾನಾಗಿ ಹೊರಳುವುದರಿಂದ ಕೈ ಅದನ್ನು ಒತ್ತಿ ಎಳೆಯುವುದಕ್ಕೆ ಒಗ್ಗಿಕೊಂಡಿರುತ್ತದೆ. ಹಳೆಯ ರೇಜರಿನ ತಲೆ ಹೊರಳುವುದಿಲ್ಲ, ಹಾಗಾಗಿ ಕೋನವನ್ನು ಕಾಯುವ ಹೊಣೆ ಮಣಿಕಟ್ಟಿನದು, ಮತ್ತು ಕತ್ತರಿಸಲು ರೇಜರಿನ ಸ್ವಂತ ತೂಕವೇ ಸಾಕು. ಹಿಡಿಯ ಕೆಳತುದಿಯ ಬಳಿ ಎರಡು ಮೂರು ಬೆರಳುಗಳಿಂದ ಸಡಿಲವಾಗಿ ಹಿಡಿದರೆ ಒತ್ತಬೇಕೆಂದರೂ ಒತ್ತಲು ಆಗುವುದಿಲ್ಲ. ಕೋನವನ್ನು ಕಂಡುಕೊಳ್ಳಲು ರೇಜರಿನ ನೆತ್ತಿಯನ್ನು ಕೆನ್ನೆಗೆ ಚಪ್ಪಟೆಯಾಗಿ ಇಟ್ಟು, ಹಿಡಿಯನ್ನು ನಿಧಾನವಾಗಿ ಕೆಳಗಿಳಿಸುತ್ತ ಬನ್ನಿ. ಬ್ಲೇಡು ಚರ್ಮಕ್ಕೆ ಆಗತಾನೆ ಸೋಕಿತು ಎನ್ನುವಲ್ಲಿ ನಿಲ್ಲಿಸಿ. ಬ್ಲೇಡಿಗೂ ಚರ್ಮಕ್ಕೂ ನಡುವೆ ಸುಮಾರು 30 ಡಿಗ್ರಿ ಇರುವ ಆ ನೆಲೆಯನ್ನು ಕುತ್ತಿಗೆಯಲ್ಲಿಯೂ ಬಿಡಬೇಡಿ.

ಕುತ್ತಿಗೆಯಲ್ಲಿಯೇ ತೊಂದರೆಯಾಗುವುದಕ್ಕೆ ಇನ್ನೊಂದು ಕಾರಣವಿದೆ. ಕೆನ್ನೆಯಲ್ಲಿ ಕೂದಲು ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ಬೆಳೆದಿದ್ದರೆ, ಕುತ್ತಿಗೆಯಲ್ಲಿ ಎಷ್ಟೋ ಜನರಿಗೆ ಅದು ಅಡ್ಡಡ್ಡಲಾಗಿ, ಕೆಲವರಿಗೆ ಕೆಳಗಿನಿಂದ ಮೇಲಕ್ಕೆ, ಇನ್ನು ಕೆಲವರಿಗೆ ಸುಳಿಯಾಗಿ ಬೆಳೆದಿರುತ್ತದೆ. ಎರಡು ದಿನ ಕ್ಷೌರ ಮಾಡದೆ ಬಿಟ್ಟು, ಬೆರಳನ್ನು ಎಲ್ಲ ದಿಕ್ಕಿಗೂ ಆಡಿಸಿ ನೋಡಿದರೆ ಯಾವ ಕಡೆಗೆ ನುಣುಪು, ಯಾವ ಕಡೆಗೆ ಒರಟು ಎಂಬುದು ತಿಳಿಯುತ್ತದೆ. ನುಣುಪಾಗಿ ತೋರುವುದೇ ಕೂದಲು ಬೆಳೆದ ದಿಕ್ಕು. ಮೊದಲ ಸುತ್ತನ್ನು ಆ ದಿಕ್ಕಿನಲ್ಲಿಯೇ ಎಳೆಯಿರಿ. ಮತ್ತೆ ನೊರೆ ಹಚ್ಚಿ ಎರಡನೆಯ ಸುತ್ತನ್ನು ಅಡ್ಡಲಾಗಿ ಎಳೆಯಿರಿ. ಎದುರು ದಿಕ್ಕಿನ ಮೂರನೆಯ ಸುತ್ತು ಚರ್ಮ ಒಪ್ಪಿದವರಿಗೆ ಮಾತ್ರ, ನಿಮ್ಮ ಕುತ್ತಿಗೆಗೆ ಸದ್ಯಕ್ಕೆ ಅದು ಬೇಡ. ನೊರೆಯಿಲ್ಲದ ಜಾಗದ ಮೇಲೆ ‘ಇಲ್ಲೊಂದು ಚೂರು ಉಳಿದಿದೆ’ ಎಂದು ಮತ್ತೆ ಬ್ಲೇಡು ಆಡಿಸುವ ಅಭ್ಯಾಸವೇ ಉರಿಯ ದೊಡ್ಡ ಮೂಲ.

ಇವೆಲ್ಲಕ್ಕೂ ಮುಂಚಿನ ಕೆಲಸ ನೀರಿನದು, ಮತ್ತು ಈ ಇಡೀ ಕ್ರಮದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚಾಗಿ ನಂಬುವುದು ಅದನ್ನೇ. ಕೂದಲು ಕೆರಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಒಣಗಿದ್ದಾಗ ಬಿರುಸಾಗಿರುವ ಅದು ನೀರನ್ನು ಹೀರಿದಂತೆ ಮೆತ್ತಗಾಗಿ, ಕತ್ತರಿಸಲು ಬೇಕಾದ ಬಲ ಬಹಳವಾಗಿ ತಗ್ಗುತ್ತದೆ. ಇದಕ್ಕೆ ಎರಡು ಮೂರು ನಿಮಿಷಗಳ ಬೆಚ್ಚನೆಯ ನೀರು ಸಾಕು. ಸ್ನಾನದ ನಂತರ ಕ್ಷೌರ ಮಾಡಿಕೊಳ್ಳುವುದು ಒಳ್ಳೆಯದೆಂಬ ಮಾತಿನ ಹಿಂದಿರುವುದು ಇದೇ. ನೊರೆಯ ಮುಖ್ಯ ಕೆಲಸವೂ ಆ ನೀರು ಆರಿಹೋಗದಂತೆ ಕೂದಲಿನ ಸುತ್ತ ಹಿಡಿದಿಡುವುದೇ.

ಕ್ಷೌರದ ಬಳಿಕ ತಣ್ಣೀರಿನಿಂದ ತೊಳೆದು, ಒದ್ದೆಯಿರುವಾಗಲೇ ಪಟಿಕದ ಗಟ್ಟಿಯನ್ನು ಮೆಲ್ಲಗೆ ಸವರಿ. ಪೊಟ್ಯಾಸಿಯಂ ಮತ್ತು ಅಲ್ಯೂಮಿನಿಯಂಗಳ ಸಲ್ಫೇಟ್ ಆದ ಅದು ಸಣ್ಣ ಗೀರುಗಳ ರಕ್ತವನ್ನು ನಿಲ್ಲಿಸುತ್ತದೆ. ಅದು ಎಲ್ಲಿ ಚುರುಗುಟ್ಟುತ್ತದೆಯೋ ಅಲ್ಲಿ ನೀವು ಚರ್ಮವನ್ನು ಅತಿಯಾಗಿ ಹೆರೆದಿದ್ದೀರಿ. ಮರುದಿನ ಅಲ್ಲಿ ಕೈ ಹಗುರಾಗಲಿ.

ಪ್ರಶ್ನೆ: ಒಳ್ಳೆಯ ಹೆಸರಿರುವ ಗಟ್ಟಿ ಸಾಬೂನನ್ನು ತಂದಿದ್ದೇನೆ. ಎಷ್ಟು ತಿರುವಿದರೂ ನೊರೆ ಗುಳ್ಳೆಗುಳ್ಳೆಯಾಗಿ ಎದ್ದು ಅರ್ಧ ಮುಖ ಮುಗಿಯುವಷ್ಟರಲ್ಲಿ ಒಣಗಿಹೋಗುತ್ತದೆ. ಸಾಬೂನು ನಕಲಿಯೇ?

ಉತ್ತರ: ಸಾಬೂನನ್ನು ದೂರುವ ಮುನ್ನ ಒಂದು ಪರೀಕ್ಷೆ ಮಾಡಿ. ಬಟ್ಟಿ ಇಳಿಸಿದ ನೀರಿನಲ್ಲಿ ಬ್ರಷ್ಷನ್ನು ನೆನೆಸಿ, ಅದೇ ನೀರಿನಿಂದ ನೊರೆ ಎಬ್ಬಿಸಿ ನೋಡಿ. ಆಗ ನೊರೆ ದಟ್ಟವಾಗಿ ಬಂದರೆ ನಿಮ್ಮ ನಲ್ಲಿಯ ನೀರು ಗಡಸು ಎಂದು ಖಚಿತವಾಗುತ್ತದೆ. ಕ್ಷೌರದ ಸಾಬೂನಿನ ಜೀವಾಳ ಸ್ಟಿಯರಿಕ್ ಆಮ್ಲ. ಅದನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡಿನೊಂದಿಗೆ ಕೂಡಿಸಿದರೆ ಮೆದುವಾದ, ಬೇಗ ಕರಗುವ ಸಾಬೂನು ಆಗುತ್ತದೆ. ಸೋಡಿಯಂ ಹೈಡ್ರಾಕ್ಸೈಡಿನೊಂದಿಗೆ ಕೂಡಿಸಿದರೆ ಗಟ್ಟಿಯಾದದ್ದು. ಹೆಚ್ಚಿನ ತಯಾರಕರು ಎರಡನ್ನೂ ಬೆರೆಸುತ್ತಾರೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಈ ಸಾಬೂನಿನೊಂದಿಗೆ ಸೇರಿ ನೀರಿನಲ್ಲಿ ಕರಗದ ಬಿಳಿಯ ಕಿಟ್ಟವಾಗುತ್ತವೆ. ನೀವು ಬ್ರಷ್ಷಿಗೆ ತುಂಬಿಕೊಂಡ ಸಾಬೂನಿನ ಒಂದು ಭಾಗ ನೊರೆಯಾಗುವ ಮೊದಲೇ ಹೀಗೆ ವ್ಯರ್ಥವಾಗುತ್ತದೆ. ನೀರನ್ನು ಕುದಿಸಿದರೆ ಗಡಸುತನದ ಒಂದು ಅಂಶ ಮಾತ್ರ ಹೋಗುತ್ತದೆ. ಒಂದು ಬಟ್ಟಲು ಬಟ್ಟಿ ಇಳಿಸಿದ ನೀರನ್ನು ಕ್ಷೌರಕ್ಕೆಂದೇ ಇಟ್ಟುಕೊಳ್ಳುವುದು ಸುಲಭವಾದ ದಾರಿ, ಇಲ್ಲವಾದರೆ ಸಾಬೂನನ್ನು ಇಮ್ಮಡಿ ತುಂಬಿಕೊಳ್ಳಬೇಕು.

ಎರಡೂ ನೀರಿನಲ್ಲಿ ನೊರೆ ಒಂದೇ ರೀತಿ ಸೊರಗಿದರೆ ಲೋಪ ತಿರುವುವ ರೀತಿಯಲ್ಲಿದೆ. ಗಟ್ಟಿ ಸಾಬೂನಿನ ಮೇಲೆ ಒಂದು ಚಮಚ ಬೆಚ್ಚನೆಯ ನೀರನ್ನು ಹಾಕಿ ಕೆಲವು ನಿಮಿಷ ಬಿಡಿ. ಬ್ರಷ್ಷನ್ನು ಚೆನ್ನಾಗಿ ಕೊಡವಿ, ಸಾಬೂನಿನ ಮೇಲೆ ಅರ್ಧ ನಿಮಿಷದಷ್ಟಾದರೂ ತಿರುವಿ, ಕೂದಲುಗಳ ಮೇಲೆ ಅಂಟಾದ ಮುದ್ದೆ ಕೂರುವವರೆಗೆ ತುಂಬಿಕೊಳ್ಳಿ. ನೀರನ್ನು ಸೇರಿಸುವುದು ಅಲ್ಲಿಂದ ಮುಂದೆ, ಅದೂ ಹನಿಹನಿಯಾಗಿ. ದೊಡ್ಡ ಗುಳ್ಳೆಗಳು ಕಂಡರೆ ನೀರು ಬೇಗ ಹೆಚ್ಚಾಗಿದೆ ಎಂದೂ, ನೊರೆ ಹೊಳಪಿಲ್ಲದೆ ಪೇಸ್ಟಿನಂತೆ ನಿಂತರೆ ನೀರು ಸಾಲದೆಂದೂ ತಿಳಿಯಿರಿ. ಗುಳ್ಳೆಗಳು ಕಣ್ಣಿಗೆ ಕಾಣದಷ್ಟು ಸಣ್ಣವಾಗಿ, ಗಟ್ಟಿ ಮೊಸರಿನಂತೆ ಹೊಳೆಯುತ್ತಿದ್ದರೆ ಹದ ಬಂದಿದೆ.

ಪ್ರಶ್ನೆ: ಪರಿಮಳದ ಸಾಬೂನು ಹಚ್ಚಿದರೆ ಕೆಲವೊಮ್ಮೆ ತಕ್ಷಣವೇ ಉರಿ, ಕೆಲವೊಮ್ಮೆ ಒಂದೆರಡು ದಿನದ ನಂತರ ತುರಿಕೆ. ಎರಡೂ ಒಂದೇ ತೊಂದರೆಯೇ? ಪರಿಮಳವನ್ನು ಪೂರ್ತಿ ಬಿಡಬೇಕೇ?

ಉತ್ತರ: ಒಂದೇ ಅಲ್ಲ. ತಕ್ಷಣದ ಉರಿ ಸಾಮಾನ್ಯವಾಗಿ ಕೆರಳಿಕೆ. ನಿಜವಾದ ಸಾಬೂನು ಕ್ಷಾರಯುಕ್ತ, ಅದರ ಪಿಎಚ್ 9ರಿಂದ 10ರ ಸುಮಾರು. ಚರ್ಮದ ಮೇಲ್ಪದರವಾದರೋ ತುಸು ಆಮ್ಲೀಯ, 5ರ ಆಸುಪಾಸು. ಬ್ಲೇಡಿನಿಂದ ಈಗಾಗಲೇ ತರಚಿದ ಚರ್ಮಕ್ಕೆ ಇದು ಉರಿಯಾಗುವುದು ಸಹಜ. ನೊರೆಯನ್ನು ಉಳಿಯದಂತೆ ತೊಳೆದು, ಆಲ್ಕೊಹಾಲ್ ಇಲ್ಲದ ಲೇಪವನ್ನು ಹಚ್ಚಿದರೆ ಇಳಿಯುತ್ತದೆ. ಮೆಂಥಾಲ್ ಇರುವ ಸಾಬೂನಿನ ಚಳಿ ಮಾತ್ರ ಬೇರೆಯೇ ಸಂಗತಿ: ಅದು ಚರ್ಮವನ್ನು ತಣಿಸುವುದಿಲ್ಲ, ತಂಪನ್ನು ಗುರುತಿಸುವ ನರತುದಿಗಳನ್ನು ಪ್ರಚೋದಿಸುತ್ತದೆ, ಮತ್ತು ಕೆಲವರಿಗೆ ಅದೇ ಉರಿಯಾಗಿ ತೋರುತ್ತದೆ.

ಒಂದೆರಡು ದಿನ ಬಿಟ್ಟು ಬರುವ ತುರಿಕೆ, ದದ್ದು ಮತ್ತು ಸಿಪ್ಪೆ ಏಳುವುದು ಅಲರ್ಜಿಯ ಲಕ್ಷಣ, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಲ್ಯಾವೆಂಡರಿನ ಲಿನಲೂಲ್, ಕಿತ್ತಳೆ ಜಾತಿಯ ಹಣ್ಣುಗಳ ಲಿಮೊನೀನ್ ಇವು ತಾಜಾ ಇರುವಾಗ ಅಷ್ಟಾಗಿ ಕಾಡದಿದ್ದರೂ, ಗಾಳಿಗೆ ತೆರೆದುಕೊಂಡು ಆಕ್ಸಿಡೀಕರಣವಾದ ಮೇಲೆ ಪ್ರಬಲ ಅಲರ್ಜಿಕಾರಕಗಳಾಗುತ್ತವೆ. ಆದುದರಿಂದ ಸಾಬೂನು ಆರಿದ ಮೇಲೆ ಡಬ್ಬಿಯ ಮುಚ್ಚಳವನ್ನು ಹಾಕುವುದು ಪರಿಮಳವನ್ನು ಉಳಿಸಿಕೊಳ್ಳುವುದಕ್ಕಷ್ಟೇ ಅಲ್ಲ, ಚರ್ಮದ ಹಿತಕ್ಕೂ ಅಗತ್ಯ. ಐರೋಪ್ಯ ಒಕ್ಕೂಟದ ನಿಯಮದಂತೆ, ಗುರುತಿಸಲಾದ ಇಂಥ ಪದಾರ್ಥಗಳು ತೊಳೆದು ಹೋಗುವ ಉತ್ಪನ್ನದಲ್ಲಿ ಶೇಕಡಾ 0.01ನ್ನು, ಚರ್ಮದ ಮೇಲೆ ಉಳಿಯುವ ಉತ್ಪನ್ನದಲ್ಲಿ ಶೇಕಡಾ 0.001ನ್ನು ಮೀರಿದರೆ ಅವುಗಳ ಹೆಸರನ್ನು ಚೀಟಿಯಲ್ಲಿ ನಮೂದಿಸಬೇಕು. ಮೊದಲು 26 ಇದ್ದ ಈ ಪಟ್ಟಿಯನ್ನು 2023ರಲ್ಲಿ ಬಹಳವಾಗಿ ವಿಸ್ತರಿಸಲಾಯಿತು. ಚರ್ಮ ಪೂರ್ತಿ ಶಮನವಾಗುವವರೆಗೆ ಪರಿಮಳವಿಲ್ಲದ ಸಾಬೂನನ್ನು ಬಳಸಿ; ಮತ್ತೆ ಪರಿಮಳದ್ದಕ್ಕೆ ಮರಳಿದಾಗ ತೊಂದರೆಯೂ ಮರಳಿದರೆ, ಚೀಟಿಯೊಂದಿಗೆ ಚರ್ಮವೈದ್ಯರ ಬಳಿಗೆ ಹೋಗಿ, ಶಂಕಿತ ಪದಾರ್ಥಗಳನ್ನು ಚರ್ಮಕ್ಕೆ ಅಂಟಿಸಿ ನೋಡುವ ಪ್ಯಾಚ್ ಪರೀಕ್ಷೆಯನ್ನು ಮಾಡಿಸಿಕೊಳ್ಳಿ. ಯಾವುದು ನಿಮಗೆ ಆಗುವುದಿಲ್ಲ ಎಂಬುದು ತಿಳಿದರೆ ಅದೊಂದನ್ನು ಬಿಟ್ಟು ಉಳಿದ ಪರಿಮಳಗಳನ್ನು ನೀವು ಅನುಭವಿಸಬಹುದು, ಎಲ್ಲವನ್ನೂ ತ್ಯಜಿಸುವ ಅಗತ್ಯವಿಲ್ಲ. ಇನ್ನೊಂದು ಮಾತು: ದದ್ದು ರೇಜರ್ ಹಿಡಿಯುವ ಬೆರಳುಗಳಲ್ಲಿಯೂ ಕಂಡರೆ ಸಾಬೂನಿನ ಜೊತೆಗೆ ನಿಕ್ಕಲ್ ಲೇಪವನ್ನೂ ಶಂಕಿಸಬೇಕು.

ಪ್ರಶ್ನೆ: ಹಳೆಯ ಕ್ಷೌರದಂಗಡಿಗಳ ಆ ಸಾಬೂನಿನ ವಾಸನೆ ಈಗಿನವುಗಳಲ್ಲಿ ಏಕೆ ಬರುವುದಿಲ್ಲ?

ಉತ್ತರ: ನೀವು ನೆನಪಿಸಿಕೊಳ್ಳುತ್ತಿರುವುದು ‘ಫೂಜೇರ್’ ಎಂಬ ವರ್ಗದ ಪರಿಮಳವಾಗಿರಬಹುದು. ಲ್ಯಾವೆಂಡರ್, ಕೂಮರಿನ್ ಮತ್ತು ಓಕ್ ಮರಗಳ ಮೇಲೆ ಬೆಳೆಯುವ ಓಕ್‌ಮಾಸ್ ಎಂಬ ಕಲ್ಲುಹೂವಿನ ಜಾತಿ, ಈ ಮೂರರ ಕೂಟ ಅದು. ಒಣಹುಲ್ಲಿನ ಸಿಹಿವಾಸನೆಯ ಕೂಮರಿನ್ನನ್ನು ವಿಲಿಯಂ ಪರ್ಕಿನ್ 1868ರಲ್ಲಿ ಪ್ರಯೋಗಶಾಲೆಯಲ್ಲಿ ತಯಾರಿಸಿದ ಮೇಲೆ, 1882ರಲ್ಲಿ ಊಬಿಗಾಂ ಸಂಸ್ಥೆ ಅದನ್ನು ಬಳಸಿ ‘ಫೂಜೇರ್ ರುವಯಾಲ್’ ಎಂಬ ಸುಗಂಧವನ್ನು ಹೊರತಂದಿತು. ಗಂಡಸರ ಸಾಬೂನುಗಳು ಅಲ್ಲಿಂದಾಚೆಗೆ ಆ ಜಾಡನ್ನೇ ಹಿಡಿದವು. ಓಕ್‌ಮಾಸ್‌ನಲ್ಲಿರುವ ಅಟ್ರನಾಲ್ ಮತ್ತು ಕ್ಲೋರೊಅಟ್ರನಾಲ್‌ಗಳು ತೀವ್ರ ಅಲರ್ಜಿಕಾರಕಗಳೆಂದು ಐರೋಪ್ಯ ಒಕ್ಕೂಟ 2017ರಲ್ಲಿ ಅವನ್ನು ನಿಷೇಧಿಸಿತು, 2021ರ ವೇಳೆಗೆ ಅವುಗಳಿರುವ ಉತ್ಪನ್ನಗಳ ಮಾರಾಟವೂ ನಿಂತಿತು. ಈಗ ಆ ಎರಡನ್ನು ಬೇರ್ಪಡಿಸಿದ ಓಕ್‌ಮಾಸ್ ಅಥವಾ ಅದರ ಬದಲಿಯನ್ನು ಬಳಸುತ್ತಾರೆ. ಹಸಿಮಣ್ಣಿನಂಥ ಆ ಆಳ ಸ್ವಲ್ಪ ಕಡಿಮೆಯಾದದ್ದು ನಿಜ. ಚರ್ಮದ ಮೇಲೆ ಹಚ್ಚುವ ವಸ್ತುವಿನಲ್ಲಿ ಆ ನಷ್ಟವನ್ನು ಒಪ್ಪಿಕೊಳ್ಳುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಮೆತ್ತನೆಯ ಕೂದಲನ್ನು ಕತ್ತರಿಸಿ ಉಕ್ಕಿನ ಬ್ಲೇಡು ಮೊಂಡಾಗುವುದು ಹೇಗೆ? ಒಂದು ಬ್ಲೇಡು ಎಷ್ಟು ಸಲ ಬರಬೇಕು?

ಉತ್ತರ: ಅಮೆರಿಕದ ಎಂಐಟಿ ಎಂಬ ತಂತ್ರಜ್ಞಾನ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಸೂಕ್ಷ್ಮದರ್ಶಕದಡಿ ಇದನ್ನೇ ಪರಿಶೀಲಿಸಿದರು. ಕೂದಲು ಬ್ಲೇಡಿಗಿಂತ ಸುಮಾರು 50 ಪಟ್ಟು ಮೆತ್ತಗಿದ್ದರೂ, ಅದು ಅಂಚಿಗೆ ಓರೆಯಾಗಿ ಬಾಗಿ ನಿಂತಾಗ, ಉಕ್ಕಿನ ಒಳರಚನೆ ಏಕರೂಪವಾಗಿಲ್ಲದ ಕಡೆಗಳಲ್ಲಿ ಅಂಚಿನ ಚಿಕ್ಕ ಚಕ್ಕೆ ಎದ್ದುಹೋಗುತ್ತದೆ. ಹಾಗಾಗಿ ಬ್ಲೇಡು ಸವೆದು ಮಾತ್ರವಲ್ಲ, ಹಲ್ಲುಹಲ್ಲಾಗಿಯೂ ಕೆಡುತ್ತದೆ. ಸಲಗಳ ಲೆಕ್ಕ ಗಡ್ಡದಿಂದ ಗಡ್ಡಕ್ಕೆ ಬೇರೆ. ಬ್ಲೇಡು ಕೂದಲನ್ನು ಕತ್ತರಿಸದೆ ಜಗ್ಗಿದಂತಾದ ದಿನವೇ ಅದನ್ನು ಬದಲಿಸಿ. ಬ್ಲೇಡನ್ನು ಬಟ್ಟೆಯಿಂದ ಒರೆಸಬೇಡಿ, ತೊಳೆದು ಕೊಡವಿದರೆ ಸಾಕು.

ಪ್ರಶ್ನೆ: ಅಣ್ಣತಮ್ಮಂದಿರು ಒಂದೇ ರೇಜರನ್ನು ಬಳಸಿದರೆ ತಪ್ಪೇನು?

ಉತ್ತರ: ಬೇಡ. ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ ಕನಿಷ್ಠ 7 ದಿನ ಉಳಿಯಬಲ್ಲದು, ಕಣ್ಣಿಗೆ ಕಾಣದಷ್ಟು ರಕ್ತದಲ್ಲಿಯೂ ಇರಬಲ್ಲದು. ಪ್ರತಿಯೊಬ್ಬರಿಗೂ ಅವರದೇ ರೇಜರ್, ಅವರದೇ ಬ್ಲೇಡು ಇರಲಿ.

ಪ್ರಶ್ನೆ: ಸುಮಾರು ನೂರು ವರ್ಷ ಹಳೆಯ, ಕುದುರೆ ಕೂದಲಿನದ್ದೆಂದು ಹೇಳುವ ಬ್ರಷ್ಷೊಂದು ಸಂಗ್ರಹಕ್ಕೆ ಬಂದಿದೆ. ಕುದಿಯುವ ನೀರಿನಲ್ಲಿ ಅದ್ದಿ ಬಳಸಬಹುದೇ?

ಉತ್ತರ: ದಯವಿಟ್ಟು ಬಳಸಬೇಡಿ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ಯಾಜರ್ ಎಂಬ ಪ್ರಾಣಿಯ ಕೂದಲಿನ ಪೂರೈಕೆ ಕುಸಿದಾಗ, ಸರಿಯಾಗಿ ಸೋಂಕು ನಿವಾರಿಸದ ಕುದುರೆ ಕೂದಲಿನಿಂದ ಅಗ್ಗದ ಬ್ರಷ್ಷುಗಳನ್ನು ಮಾಡಿದರು. ಅವುಗಳ ಮೂಲಕ ಅಮೆರಿಕ ಮತ್ತು ಬ್ರಿಟನ್ನಿನಲ್ಲಿ ಸೈನಿಕರಿಗೂ ನಾಗರಿಕರಿಗೂ ಆಂಥ್ರಾಕ್ಸ್, ಅಂದರೆ ನೆರಡಿ ರೋಗ ತಗುಲಿ ಸಾವುಗಳಾದವು. 1920ರಲ್ಲಿ ಬ್ರಿಟನ್ ಜಪಾನಿನ ಕ್ಷೌರದ ಬ್ರಷ್ಷುಗಳ ಆಮದನ್ನೇ ನಿಷೇಧಿಸಿತು. ಈ ರೋಗಾಣುವಿನ ಬೀಜಕಗಳು ದಶಕಗಳ ಕಾಲ ಜೀವಂತವಾಗಿರಬಲ್ಲವು, ಬಿಸಿನೀರಿನಲ್ಲಿ ಅದ್ದಿ ತೆಗೆದರೆ ಅವು ಸಾಯುವುದಿಲ್ಲ. ಅಪಾಯದ ಸಂಭವ ಕಡಿಮೆಯೇ ಇರಬಹುದು, ಆದರೆ ಗೀರು ಬಿದ್ದ ಮುಖಕ್ಕೆ ಅದನ್ನು ಉಜ್ಜಿಕೊಳ್ಳುವ ಅಗತ್ಯವಾದರೂ ಏನಿದೆ? 1930ಕ್ಕಿಂತ ಹಿಂದಿನ ಬ್ರಷ್ಷು ಗಾಜಿನ ಹಿಂದೆ ಇರಲಿ. ದಿನಬಳಕೆಗೆ ಹೊಸ ಬ್ಯಾಜರ್, ಹಂದಿ ಕೂದಲಿನ ಅಥವಾ ಕೃತಕ ಎಳೆಗಳ ಬ್ರಷ್ಷನ್ನು ತೆಗೆದುಕೊಳ್ಳಿ. ಕೃತಕ ಎಳೆ ಬೇಗ ಒಣಗುತ್ತದೆ, ಹೊಸಬರಿಗೆ ನಾನು ಸೂಚಿಸುವುದು ಅದನ್ನೇ.

ಪ್ರಶ್ನೆ: ಮಡಚುವ ಹಳೆಯ ಕ್ಷೌರಕತ್ತಿಯನ್ನು ಕೊಳ್ಳುವಾಗ ಏನನ್ನು ನೋಡಬೇಕು?

ಉತ್ತರ: ಮೊದಲು ಅಲಗಿನ ಅಂಚನ್ನು ನೋಡಿ. ಬೆನ್ನಿನ ಮೇಲಿನ ತುಕ್ಕನ್ನು ತೆಗೆಯಬಹುದು, ಆದರೆ ಅಂಚನ್ನೇ ತಿಂದ ತುಕ್ಕಿನ ಗುಳಿಗಳಿರುವ ಕತ್ತಿಯನ್ನು ಬಿಟ್ಟುಬಿಡಿ. ಇಂಗ್ಲೆಂಡಿನ ಶೆಫೀಲ್ಡ್ ಮತ್ತು ಜರ್ಮನಿಯ ಝೋಲಿಂಗೆನ್ ನಗರಗಳ ಕತ್ತಿಗಳು ಹೆಸರುವಾಸಿ. ಝೋಲಿಂಗೆನ್ ಎಂಬ ಗುರುತಿಗೆ 1938ರಿಂದ ಕಾನೂನಿನ ರಕ್ಷಣೆಯೂ ಇದೆ. ಸಾಣೆಕಲ್ಲಿನ ಮೇಲೆ ಅಂಚೂ ಬೆನ್ನೂ ಒಟ್ಟಿಗೆ ಚಪ್ಪಟೆಯಾಗಿ ಕೂರಬೇಕು, ಏಕೆಂದರೆ ಹರಿತದ ಕೋನವನ್ನು ನಿರ್ಧರಿಸುವುದು ಬೆನ್ನಿನ ದಪ್ಪವೇ. ಕಲ್ಲಿನ ಮೇಲೆ ಅಂಚು ಮುಂದಾಗಿ, ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದಾಗಿ ಸಾಗಬೇಕು. ಪಟ್ಟಿಯ ತುದಿಯಲ್ಲಿ ಕತ್ತಿಯನ್ನು ಬೆನ್ನಿನ ಮೇಲೆಯೇ ಹೊರಳಿಸಬೇಕು, ಇಲ್ಲದಿದ್ದರೆ ಪಟ್ಟಿ ಕತ್ತರಿಸಿ ಹೋಗುತ್ತದೆ. ಹಿಡಿ ಸೆಲ್ಯುಲಾಯ್ಡಿನದ್ದಾಗಿದ್ದು ಅದರ ಪಕ್ಕದ ಅಲಗು ಮಾತ್ರ ವಿಚಿತ್ರವಾಗಿ ತುಕ್ಕು ಹಿಡಿದಿದ್ದರೆ ಆ ಹಿಡಿ ಕೊಳೆಯುತ್ತಿದೆ, ಅದರಿಂದ ಹೊರಡುವ ಆಮ್ಲೀಯ ಅನಿಲ ಪಕ್ಕದ ಕತ್ತಿಗಳನ್ನೂ ಕೆಡಿಸುತ್ತದೆ. ಅಂಥದ್ದನ್ನು ಬೇರೆ ಕತ್ತಿಗಳೊಂದಿಗೆ ಒಂದೇ ಪೆಟ್ಟಿಗೆಯಲ್ಲಿ ಇಡಬೇಡಿ.

ಪ್ರಶ್ನೆ: ಬಳಸಿದ ಬ್ಲೇಡುಗಳನ್ನು ಏನು ಮಾಡಬೇಕು? ವಿಮಾನದಲ್ಲಿ ಒಯ್ಯಬಹುದೇ?

ಉತ್ತರ: ಬಿಡಿ ಬ್ಲೇಡನ್ನು ವಿಮಾನದ ಒಳಗೆ ಕೈಚೀಲದಲ್ಲಿ ಒಯ್ಯಲು ಬಿಡುವುದಿಲ್ಲ, ಒಪ್ಪಿಸಿ ಕಳುಹಿಸುವ ಸಾಮಾನಿನಲ್ಲಿ ಇಡಿ. ಬಳಸಿದವನ್ನು ಕಸದ ಬುಟ್ಟಿಗೆ ಹಾಗೆಯೇ ಎಸೆದರೆ ಕಸ ಎತ್ತುವವರ ಕೈ ಕುಯ್ಯುತ್ತದೆ. ಮುಚ್ಚಿದ ತಗಡಿನ ಡಬ್ಬಿಯೊಂದಕ್ಕೆ ಬ್ಲೇಡು ತೂರುವಷ್ಟೇ ಸೀಳು ಮಾಡಿ ಅದರಲ್ಲಿ ಹಾಕುತ್ತ ಬನ್ನಿ. ಬ್ಲೇಡು ತೀರಾ ತೆಳುವಾದ್ದರಿಂದ ಡಬ್ಬಿ ತುಂಬಲು ವರ್ಷಗಳೇ ಹಿಡಿಯುತ್ತವೆ. ತುಂಬಿದಾಗ ಸೀಳನ್ನು ಭದ್ರವಾಗಿ ಮುಚ್ಚಿ, ಲೋಹದ ಗುಜರಿ ತೆಗೆದುಕೊಳ್ಳುವ ಕಡೆ, ಒಳಗೇನಿದೆ ಎಂದು ಮೇಲೆ ಬರೆದು ಕೊಡಿ.